ನಿಮ್ಮ ಮನೆ ಸಿಗುತ್ತಿಲ್ಲ

ಬೆಳಿಗ್ಗೆ ಎದ್ದ ಶೈಲೋಬೆಕ್ ತನ್ನ ಮನೆಯ ನಡುಕೋಣೆಯಲ್ಲೇ ನಿಂತು ಫೋನ್ ನೋಡಿದ. ಪರದೆಯ ಮೇಲೆ ಬರೆದಿತ್ತು: "ನಿಮ್ಮ ಮನೆ ಸಿಗುತ್ತಿಲ್ಲ."

"ಏನಂತೆ ಅದಕ್ಕೆ?" ಅಡುಗೆಮನೆಯಿಂದ ಹೆಂಡತಿ ಬುರುಲ್ ಕೇಳಿದಳು.

"ನಮ್ಮ ಮನೆ ಸಿಗ್ತಿಲ್ವಂತೆ."

"ಬಿಶ್ಕೆಕ್, ಆರನೇ ಬಡಾವಣೆ, ಮೂರನೇ ಮಹಡಿ ಅಂತ ಹೇಳು. ತಲಾಸ್‌ನಿಂದ ಬರೋ ಬೀಗರಿಗೇ ಸಿಗುತ್ತೆ, ಮನೆಯೊಳಗೇ ಕೂತಿರೋ ಅದಕ್ಕೇನು ರೋಗ?"

ಅವರ ಮಾತಿನಲ್ಲಿ ಶೈಲೋ ಅಂದರೆ ಚುನಾವಣೆ. ಮತದಾನದ ದಿನ ಹುಟ್ಟಿದನೆಂದು ಅಪ್ಪ ಆ ಹೆಸರಿಟ್ಟಿದ್ದ. ಆದರೆ ಮನೆಯಲ್ಲಿ ನಡೆದ ಯಾವ ಚುನಾವಣೆಯಲ್ಲೂ ಶೈಲೋಬೆಕ್ ಗೆದ್ದವನಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಹೆಂಡತಿಯ ಮಾತು ಮೀರಿ ಹಟ ಸಾಧಿಸಿದ್ದ. ಅದರ ಫಲ ಈಗ ಕಪಾಟಿನ ಮೇಲೆ ಕೂತಿತ್ತು. ಸಾಬೂನಿನ ಡಬ್ಬಿಯಂಥ ಒಂದು ಬಿಳಿ ಹಬ್, ಅದಕ್ಕೊಂದು ಪುಟ್ಟ ಕಣ್ಣು. ಕಣ್ಣು ಹಸಿರಾಗಿದ್ದರೆ ಮನೆಯ ದೀಪಗಳೆಲ್ಲ ಅವನ ಫೋನಿನ ಮಾತು ಕೇಳುತ್ತಿದ್ದವು. ಕಣ್ಣು ಕೆಂಪಾದರೆ ಸಂಪರ್ಕ ಹೋಯಿತು ಎಂದರ್ಥ. ಆಗ ದೀಪಗಳೆಲ್ಲ ಒಮ್ಮೆಲೇ ಆರಿ, ಒಂದಷ್ಟು ಹೊತ್ತು ಯೋಚಿಸಿ, ಆಮೇಲೆ ತಾವಾಗಿಯೇ ಕೆಂಪಗೆ ಹತ್ತಿಕೊಳ್ಳುತ್ತಿದ್ದವು. ಆ ಬೆಳಕಿನಲ್ಲಿ ಬುರುಲ್ ಮುಖ ಕೆಂಡ ಕಾರುವಂತೆ ಕಾಣುತ್ತಿತ್ತು. ಬಿಳಿ ಬೆಳಕಿನಲ್ಲೂ ಹಾಗೇ ಕಾಣುತ್ತಿತ್ತು ಎನ್ನುವುದು ಬೇರೆ ಮಾತು.

ಹಳೆಯ ದೀಪಗಳಿಗೆ ಮರಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಫೋನಿರುವಾಗ ಸ್ವಿಚ್ಚು ಯಾಕೆಂದು ಗೋಡೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು ಗಾರೆ ಮೆತ್ತಿಸಿದ್ದ. ಅತ್ತೆ ಕೊಟ್ಟಿದ್ದ ಗಾಜಿನ ತೂಗುದೀಪವನ್ನು ಕೆಳಗಿನ ಮನೆಯ ಕಾಲಿಪಾ ಎಜೆಗೆ ದಾನ ಮಾಡಿದ್ದ. ಹಿರಿಯ ಹೆಂಗಸರನ್ನು ಅಲ್ಲಿ ಎಜೆ, ಅಂದರೆ ಅಕ್ಕ, ಎನ್ನುವುದು. ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು ಅವನು. ಕಣ್ಣು ಮುಚ್ಚಿ ತಿಯಾನ್‌ಶಾನ್ ಪರ್ವತಸಾಲನ್ನು ಹಲಗೆಯ ಮೇಲೆ ಬರೆಯಬಲ್ಲ. ಆದರೆ ಈ ಡಬ್ಬಿಯ ಅಂತರಂಗ ಮಾತ್ರ ಯಾವ ನಕಾಶೆಯಲ್ಲೂ ಇರಲಿಲ್ಲ.

ಅವತ್ತು ಸಂಜೆ ಹುಡುಗನ ಕಡೆಯವರು ಬಂದು ಮಗಳು ಜಾರ್ಕಿನ್‌ಳ ಕಿವಿಗೆ ಓಲೆ ಇಡುವವರಿದ್ದರು. ಓಲೆ ಇಟ್ಟರೆ ಸಂಬಂಧ ಗಟ್ಟಿ. ಹುಡುಗನ ತಂದೆ ಜೋಲ್ಚುಬೆಕ್‌ಗೆ ಫೋನಿನಲ್ಲಿ ಶೈಲೋಬೆಕ್ ಕೊಚ್ಚಿಕೊಂಡೂ ಆಗಿತ್ತು: "ಕುದಾ, ನಮ್ಮನೆ ದೀಪ ಹೇಳಿದ ಮಾತು ಕೇಳುತ್ತೆ!" ಬೀಗರು ಒಬ್ಬರನ್ನೊಬ್ಬರು ಕುದಾ ಎಂದೇ ಕರೆಯುವುದು.

"ಅತಾ, ನಿನ್ನ ದಮ್ಮಯ್ಯ," ಜಾರ್ಕಿನ್ ಅಪ್ಪನ ತೋಳು ಹಿಡಿದಳು. "ಅವನ ಅಮ್ಮ ಶಕುನ ಅಪಶಕುನ ಎಲ್ಲ ನೋಡ್ತಾರಂತೆ. ಓಲೆ ಹಾಕೋವಾಗ ದೀಪ ಆರಿದ್ರೆ ನನ್ನ ಕತೆ ಮುಗೀತು."

"ನಾನಿದ್ದೀನಲ್ಲಮ್ಮ."

"ಅದೇ ಭಯ," ಎಂದಳು ಬುರುಲ್.

ಶೈಲೋಬೆಕ್ ಹಬ್ಬನ್ನು ಕಿಟಕಿಯ ಬಳಿ ಇಟ್ಟ, ಕೆಂಪು. ಬಾಗಿಲ ಬಳಿ ಇಟ್ಟ, ಹಸಿರು. ಸಂತೋಷದಿಂದ ಎರಡು ಹೆಜ್ಜೆ ಹಿಂದೆ ಸರಿದ, ಮತ್ತೆ ಕೆಂಪು. ಬಾಗಿಲ ಬಳಿ ಹೀಗೆ ಹಿಂದೆ ಮುಂದೆ ಕುಣಿಯುತ್ತಿದ್ದವನನ್ನು ಮೆಟ್ಟಿಲಿಳಿದು ಬರುತ್ತಿದ್ದ ಮೇಲಿನ ಮನೆಯ ಸೊವೆತ್‌ಬೆಕ್ ನೋಡಿದರು. ಹಿಂದೆ ಸೈನ್ಯದ ತಂತಿ ವಿಭಾಗದಲ್ಲಿದ್ದವರು. ಇಡೀ ಕಟ್ಟಡಕ್ಕೆ ಬಾಯ್ಕೆ, ಅಂದರೆ ಹಿರಿಯಣ್ಣ. ಕರೆಯದಿದ್ದರೂ ಬರುವುದು ಅವರ ದೊಡ್ಡ ಗುಣ.

"ಸಿಗ್ನಲ್ ಸಮಸ್ಯೆ ತಾನೆ? ನನ್ನನ್ನ ಕೇಳೋದು ಬಿಟ್ಟು ಫೋನ್ ಕೇಳ್ತಾ ಕೂತಿದ್ದೀಯಲ್ಲೋ!" ಎನ್ನುತ್ತ ಒಳನುಗ್ಗಿದರು. "ಅಲೆಗಳು ಚದುರಿ ಹೋಗ್ತಿವೆ ಕಣೋ. ಒಟ್ಟು ಮಾಡಬೇಕು. ಒಂದು ದೊಡ್ಡ ಕಬ್ಬಿಣದ ಪಾತ್ರೆ ತಾ."

ಮನೆಯಲ್ಲಿದ್ದ ದೊಡ್ಡ ಪಾತ್ರೆಯೆಂದರೆ ಸಂಜೆಯ ಊಟಕ್ಕೆ ಕುರಿಮಾಂಸ ಬೇಯಿಸಲು ತೊಳೆದಿಟ್ಟಿದ್ದ ಕಡಾಯಿ. ಬಾಯ್ಕೆ ಹಬ್ಬನ್ನು ಅದರ ನಡುವೆ ಕೂರಿಸಿ, ಕಡಾಯಿಯನ್ನು ಆಕಾಶದತ್ತ ವಾಲಿಸಿದರು. ಕಣ್ಣು ಹಸಿರಾಯಿತು!

"ನೋಡಿದ್ಯಾ? ಸೈನ್ಯದ ವಿದ್ಯೆ!"

ಇಬ್ಬರೂ ಕೈಕುಲುಕಿ, ಆ ಸಂತೋಷಕ್ಕೆ ಸಿಗರೇಟು ಸೇದಲು ಬಾಲ್ಕನಿಗೆ ಹೋದರು. ಅಷ್ಟರಲ್ಲಿ ಬುರುಲ್ ಬಂದವಳು ಕಡಾಯಿ ಎತ್ತಿ ಒಲೆಯ ಮೇಲಿಟ್ಟು, ಒಳಗೇನಿದೆ ಎಂದು ನೋಡದೆ ಒಂದು ತಂಬಿಗೆ ನೀರು ಹೊಯ್ದಳು. ಮನೆಯೆಲ್ಲ ಕೆಂಪಾಯಿತು.

"ಜಾರ್ಕಿನ್ ಅಪ್ಪಾ! ನಿನ್ನ ಸಾಬೂನಿನ ಡಬ್ಬಿ ಸಾರಿಗೆ ಬಿದ್ದಿದೆ!"

ಶೈಲೋಬೆಕ್ ಓಡಿ ಬಂದು, ಬಾವಿಗೆ ಬಿದ್ದ ಕೂಸನ್ನು ಎತ್ತುವಂತೆ ಹಬ್ಬನ್ನು ಎತ್ತಿ, ಅಂಗಿಯಿಂದ ಒರೆಸಿ ಎದೆಗವುಚಿಕೊಂಡ. ಗದ್ದಲಕ್ಕೆ ಕೆಳಗಿನಿಂದ ಕಾಲಿಪಾ ಎಜೆ ಏದುಸಿರು ಬಿಡುತ್ತ ಬಂದರು. ಒಂದು ನೋಟದಲ್ಲೇ ಅವರಿಗೆ ರೋಗ ತಿಳಿಯಿತು.

"ದೃಷ್ಟಿಯಾಗಿದೆ ಕಣಯ್ಯ. ಮನೆ ತುಂಬ ಬಣ್ಣಬಣ್ಣದ ದೀಪ, ಊರೆಲ್ಲ ಕಿಟಕಿ ನೋಡುತ್ತೆ. ದೃಷ್ಟಿ ಆಗದೆ ಇರುತ್ತಾ?"

"ಎಜೆ, ಇದು ಯಂತ್ರ..."

"ಯಂತ್ರಕ್ಕೂ ಆಗುತ್ತೆ. ನಮ್ಮ ಅಳಿಯ ಕೊಂಡ ಕಾರಿಗೆ ಮೊದಲನೇ ದಿನವೇ ಆಗಲಿಲ್ವಾ?"

"ನಿಮ್ಮಳಿಯ ಕುಡಿದಿದ್ದ," ಎಂದರು ಬಾಯ್ಕೆ.

"ದೃಷ್ಟಿ ತಾಗಿದ್ದಕ್ಕೇ ಕುಡಿದಿದ್ದು!"

ಎಜೆ ದೃಷ್ಟಿ ತೆಗೆಯಲು ಸುಡುವ ಬೆಟ್ಟದ ಗಿಡ ಅರ್ಚಾದ ಒಣಸೊಪ್ಪನ್ನು ಬಾಣಲೆಯಲ್ಲಿ ಹೊತ್ತಿಸಿ, ಹಬ್ಬಿನ ಸುತ್ತ ಹೊಗೆಯಾಡಿಸಿದರು. ಒದ್ದೆ ಡಬ್ಬಿ ಒಣಗಲಿ ಎಂದು ಮತ್ತಷ್ಟು ಸೊಪ್ಪು ಹಾಕಿದರು. ಹೊಗೆ ನಡುಕೋಣೆ ತುಂಬಿ, ಬಾಲ್ಕನಿ ದಾಟಿ, ಗೋಡೆ ಹಿಡಿದು ಮೇಲೇರಿತು. ಬಾಯ್ಕೆ ಗಾಳಿಗೆಂದು ಬಾಲ್ಕನಿಯಿಂದ ತಲೆ ಹೊರಹಾಕಿದ್ದೇ ತಡ, ಐದನೇ ಮಹಡಿಯವರು "ಬೆಂಕಿ! ಬೆಂಕಿ!" ಎಂದು ಕೂಗಿ ಒಂದು ಬಕೆಟ್ ನೀರು ಸುರಿದರು. ಬಾಯ್ಕೆಯ ಬಿಳಿ ಉಣ್ಣೆಟೋಪಿ ನೆನೆದ ಬೆಕ್ಕಿನಂತೆ ಕಿವಿಯ ಮೇಲೆ ಇಳಿಬಿತ್ತು.

ಆಶ್ಚರ್ಯವೆಂದರೆ, ಹೊಗೆ ತಿಳಿಯಾದಾಗ ಹಬ್ಬಿನ ಕಣ್ಣು ಹಸಿರಾಗಿತ್ತು.

"ಇನ್ನು ಯಾರೂ ಅದನ್ನ ಮುಟ್ಟಬೇಡಿ," ಬುರುಲ್ ಸೌಟು ಎತ್ತಿ ಹೇಳಿದಳು. "ಉಸಿರೂ ಬಿಡಬೇಡಿ."

ಸಂಜೆ ಬೀಗರು ಬಂದರು. ಬಾಯ್ಕೆ, ಎಜೆ ಇಬ್ಬರೂ ಊಟಕ್ಕೆಂದು ಉಳಿದಿದ್ದರು. ಬೀಗರಿಗೆ ಕೀಟಲೆ ಮಾಡುವುದು ಅಲ್ಲಿಯ ಪದ್ಧತಿ, ಬಾಗಿಲಲ್ಲೇ ಬುರುಲ್ ಅವರ ಕೆನ್ನೆಗೆ ಹಿಟ್ಟು ಹಚ್ಚಿ ಸ್ವಾಗತಿಸಿದಳು. ಜೋಲ್ಚುಬೆಕ್ ತಲಾಸ್‌ನಲ್ಲಿ ಬೀನ್ಸ್ ಬೆಳೆಸುವ ಭಾರಿ ಮನುಷ್ಯ. ನಕ್ಕರೆ ಬಟ್ಟಲಿನ ಚಹಾ ಅಲುಗುತ್ತಿತ್ತು. ಅವನ ಹೆಂಡತಿ ತೆಳ್ಳಗೆ, ಗಂಭೀರ. ಹೊಸ್ತಿಲಿಗೆ ಯಾವ ಕಾಲು ಮೊದಲಿಡುತ್ತಾರೆ ಎನ್ನುವುದನ್ನೂ ಗಮನಿಸುವ ಹೆಂಗಸು. ಹುಡುಗ ಬೂರ್ಸೋಕ್ ಎಂಬ ಕರಿದ ಹಿಟ್ಟಿನ ತಿಂಡಿಯನ್ನು ಕೈಯಲ್ಲಿ ಹಿಡಿದವನು ತಿನ್ನುವುದನ್ನು ಮರೆತು ಜಾರ್ಕಿನ್‌ಳನ್ನೇ ನೋಡುತ್ತಿದ್ದ.

ಶೈಲೋಬೆಕ್ ಫೋನ್ ಒತ್ತಿ ದೀಪವನ್ನು ಜೇನಿನ ಬಣ್ಣಕ್ಕೆ ತಿರುಗಿಸಿದ. "ಭಲೇ ಕುದಾ!" ಎಂದ ಜೋಲ್ಚುಬೆಕ್. ಶೈಲೋಬೆಕ್‌ನ ಎದೆ ಒಲೆಯಲ್ಲಿಟ್ಟ ರೊಟ್ಟಿಯಂತೆ ಉಬ್ಬಿತು.

ಮಾಂಸವಾಯಿತು, ಚಹಾ ಆಯಿತು. ಹುಡುಗನ ತಾಯಿ ಕೆಂಪು ಬಟ್ಟೆಯಿಂದ ಬೆಳ್ಳಿಯ ಓಲೆ ತೆಗೆದರು. ಜಾರ್ಕಿನ್ ತಲೆಬಾಗಿ ಮುಂದೆ ಕೂತಳು. ಅವಳ ಹಿಂದಿನ ಕಪಾಟಿನ ಮೇಲೆಯೇ ಹಬ್ ಇತ್ತು. ಅದರ ಕಣ್ಣು ಒಮ್ಮೆ ಮಿಟುಕಿದ್ದನ್ನು ಸೊವೆತ್‌ಬೆಕ್ ಬಾಯ್ಕೆ ಕಂಡರು. ಸಿಪಾಯಿಯ ರಕ್ತ ಸುಮ್ಮನಿರಲಿಲ್ಲ. ಹುಡುಗಿಯ ಭುಜದ ಮೇಲಿಂದ ಬಗ್ಗಿ ಡಬ್ಬಿಗೆ ಕೈಚಾಚಿದರು.

ಆಗಲೇ ದೀಪಗಳೆಲ್ಲ ಆರಿದವು.

ಗವ್ವೆನ್ನುವ ಕತ್ತಲು. ಯಾರೋ ಬಟ್ಟಲು ಉರುಳಿಸಿದರು. ಓಲೆ ಹಿಡಿದ ಕೈಯನ್ನು ಅರ್ಧಕ್ಕೆ ಹಿಂದೆ ತೆಗೆದರೆ ಅಪಶಕುನವೆಂದು ಹುಡುಗನ ತಾಯಿ ಕೈ ಹಿಂತೆಗೆಯದೆ, ತಡಕಿ ಸಿಕ್ಕ ಕಿವಿಗೆ ಓಲೆ ಸಿಕ್ಕಿಸಿದರು.

"ಅಯ್ಯಯ್ಯೋ ನನ್ನ ಕಿವಿ!" ಎಂದು ಗಂಡುದನಿಯೊಂದು ಕಿರುಚಿತು.

ದೀಪಗಳು ಕೆಂಪಗೆ ಹತ್ತಿಕೊಂಡವು. ಎಲ್ಲರೂ ನೋಡಿದರು. ಜಾರ್ಕಿನ್‌ಳ ಕಿವಿ ಬರಿದು. ಸೊವೆತ್‌ಬೆಕ್ ಬಾಯ್ಕೆಯ ಬಲಗಿವಿಯಲ್ಲಿ ಬೆಳ್ಳಿ ಓಲೆ ನೇತಾಡುತ್ತಿತ್ತು.

ಜಾರ್ಕಿನ್ ಮುಖ ಮುಚ್ಚಿಕೊಂಡಳು. ಶೈಲೋಬೆಕ್ ಗೋಡೆಯಲ್ಲಿ ಸ್ವಿಚ್ಚು ಹುಡುಕಿ, ಗಾರೆ ಸವರಿದ.

ಅಷ್ಟರಲ್ಲಿ ಜೋಲ್ಚುಬೆಕ್ ತೊಡೆ ತಟ್ಟಿಕೊಂಡು ನಗಲಾರಂಭಿಸಿದ. "ಕೀಟಲೆ! ಬೀಗರ ಕೀಟಲೆ! ತಲಾಸ್ ಬಿಟ್ಟಾಗಿಂದ ಕಾಯ್ತಿದ್ದೆ ಕುದಾ, ಯಾವಾಗ ತಲೆ ಮೇಲೆ ನೀರು ಸುರೀತೀರಿ, ಯಾವಾಗ ನನ್ನ ಕೋಟನ್ನ ಜಮಖಾನೆಗೆ ಹೊಲೀತೀರಿ ಅಂತ. ನೀವೇನು, ನನ್ನ ಹೆಂಡತಿ ಕೈಯಲ್ಲಿ ಮುದುಕನಿಗೆ ನಿಶ್ಚಿತಾರ್ಥ ಮಾಡಿಸಿಬಿಟ್ರಲ್ಲ!"

ಹುಡುಗನ ತಾಯಿ ಬಾಯ್ಕೆಯ ಮುಖ ನೋಡಿದರು, ಓಲೆ ನೋಡಿದರು. ತುಟಿ ಅದುರಿತು. ಆಮೇಲೆ ಆ ಗಂಭೀರ ಹೆಂಗಸು ನಕ್ಕ ನಗು ನಿಲ್ಲಿಸಲು ಎರಡು ಬಟ್ಟಲು ಚಹಾ ಬೇಕಾಯಿತು. "ನಗ್ತಾ ಇಟ್ಟ ಓಲೆ ಜನ್ಮಪೂರ್ತಿ ಉಳಿಯುತ್ತೆ," ಎನ್ನುತ್ತ, ದೀಪ ಬೆಳ್ಳಗಾದ ಮೇಲೆ ಸರಿಯಾದ ಕಿವಿಗೇ ಓಲೆ ಇಟ್ಟರು. ಜೋಲ್ಚುಬೆಕ್ ತನ್ನ ಕಸೂತಿಯ ನಿಲುವಂಗಿಯನ್ನೇ ಬಿಚ್ಚಿ ಶೈಲೋಬೆಕ್‌ಗೆ ತೊಡಿಸಿದ.

"ಇನ್ನೊಂದ್ಸಲ ಮಾಡಿ ಕುದಾ! ಫೋನಲ್ಲಿ ಹಿಡಕೋತೀನಿ, ಊರಿಗೆ ತೋರಿಸಬೇಕು."

ಶೈಲೋಬೆಕ್ ಕಪಾಟಿನತ್ತ ತಿರುಗಿದ. ಹಸಿರು. ಡಬ್ಬಿಯನ್ನು ಕಿಟಕಿಗೆ ಒಯ್ದ. ಹಸಿರು. ಕಡಾಯಿಯೊಳಗಿಟ್ಟು ಮುಚ್ಚಳ ಮುಚ್ಚಿದ. ದೀಪ ಬೆಳದಿಂಗಳಂತೆ ಉರಿಯುತ್ತಿತ್ತು. ಕೊನೆಗೆ ಯಾರೂ ನೋಡದಂತೆ ಹಬ್ಬಿನ ಬ್ಯಾಟರಿಯನ್ನೇ ಕಿತ್ತ. ಹಬ್ಬಿನ ಕಣ್ಣು ಮುಚ್ಚಿತು, ದೀಪಗಳು ಮಾತ್ರ ಅಲುಗಲಿಲ್ಲ.

"ಆರೋ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಆರೋ, ನಿನ್ನ ಕಾಲಿಗೆ ಬೀಳ್ತೀನಿ!"

ಬೀಗರ ಮುಖದಲ್ಲಿ ನಗು ಸಣ್ಣಗಾಗುತ್ತ ಬಂತು. ಕಾಲಿಪಾ ಎಜೆ ಅದನ್ನು ಕಂಡು ಎದ್ದು ನಿಂತರು. "ಬೇಕಂತಲೇ ಮಾಡ್ತಿಲ್ಲ ಅವನು! ಪೂರ್ತಿ ಆಟ ಮದುವೆ ದಿನಕ್ಕೆ ಇಟ್ಟಿದ್ದಾನೆ. ಇಡೀ ಮಂಟಪದಲ್ಲಿ!"

"ಅದಕ್ಕೇ ಇಷ್ಟು ಬಿಗುಮಾನ!" ಜೋಲ್ಚುಬೆಕ್ ಶೈಲೋಬೆಕ್‌ನನ್ನು ತಬ್ಬಿ ನೆಲದಿಂದ ಎತ್ತಿಯೇ ಬಿಟ್ಟ. "ಆಯ್ತು ಕುದಾ! ಐನೂರು ಜನ ಬರ್ತಾರೆ. ಇದೇ ಕತ್ತಲು, ಇದೇ ಕೆಂಪು, ಮಂಟಪದ ದೀಪವೆಲ್ಲ ನಿಮ್ಮ ಕೈಗೆ. ನನ್ನ ಮಾವನ ಕಿವಿಗೂ ಒಂದು ಓಲೆ ಬೀಳಲಿ!"

ಬೀಗರು ಹೋದ ಮೇಲೆ ಬಾಯ್ಕೆ ಕಿವಿ ಉಜ್ಜಿಕೊಳ್ಳುತ್ತ, "ಕಡಾಯಿ ಈಗ ಫಲ ಕೊಡ್ತು ನೋಡು," ಎಂದರು. "ಹೊಗೆ," ಎಂದು ತಿದ್ದಿದರು ಎಜೆ.

ಮಾರನೆಯ ಬೆಳಿಗ್ಗೆ ಶೈಲೋಬೆಕ್ ದೀಪದ ಕಂಪನಿಗೆ ಫೋನ್ ಮಾಡಿದ. ಹುಡುಗಿಯೊಬ್ಬಳು ನಯವಾಗಿ ಕೇಳಿದಳು, "ಸಂಪರ್ಕ ತಪ್ಪುತ್ತಿದೆಯೇ, ಸಾರ್?"

"ಇಲ್ಲಮ್ಮ. ತಪ್ಪುತ್ತಾನೇ ಇಲ್ಲ."

"ಅದು... ಒಳ್ಳೆಯದಲ್ವಾ ಸಾರ್? ನಿನ್ನೆ ಸಂಜೆ ಎಲ್ಲರ ಹಬ್ಬಿಗೂ ಹೊಸ ತಂತ್ರಾಂಶ ಕಳಿಸಿದ್ದೀವಿ. ಆ ಕೆಂಪು ದೀಪದ ತೊಂದರೆ ಪೂರ್ತಿ ಹೋಯ್ತು. ಹಬ್ ಕಿತ್ತು ಹಾಕಿದ್ರೂ ದೀಪ ಉರೀತಾನೇ ಇರುತ್ತೆ. ಇನ್ನು ಜನ್ಮದಲ್ಲಿ ನಿಮಗೆ ಕೈಕೊಡಲ್ಲ."

ಶೈಲೋಬೆಕ್ ಬೀಗರ ನಿಲುವಂಗಿಯ ಮೇಲೆಯೇ ಕುಸಿದು ಕುಳಿತ. ಆಮೇಲೆ ದನಿ ತಗ್ಗಿಸಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಕೇಳಿದ:

"ಮಗಳೇ, ಆ ತೊಂದರೆ ವಾಪಸ್ ಕಳಿಸೋಕಾಗುತ್ತಾ? ಒಂದೇ ಒಂದು ದಿನಕ್ಕೆ?"