ಈಮೇಲಿಗೆ ಬೇಸತ್ತು ನಾನು ಸತ್ತದ್ದು

ನಾನು ಸುರಪುರದ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ಮನೆ ಶಹಾಪುರದಲ್ಲಿ. ವರ್ಷವಿಡೀ ಮಕ್ಕಳಿಗೆ ಹಕ್ಕುಗಳ ಪಾಠ ಮಾಡುವವನಿಗೆ ತನ್ನದೇ ಒಂದು ಸಣ್ಣ ಹಕ್ಕನ್ನು ಚಲಾಯಿಸುವುದು ಯಾವ ದೊಡ್ಡ ಮಾತು ಎಂಬ ಧೈರ್ಯದಲ್ಲಿದ್ದೆ. ಆ ಧೈರ್ಯವೇ ನನ್ನನ್ನು ಮುಳುಗಿಸಿತು.

ಆಗಿದ್ದಿಷ್ಟು. ನಮ್ಮ ಕಡೆಯ ಬೇಸಿಗೆಗೆ ಬೆನ್ನ ತುಂಬ ಬೆವರುಸಾಲೆ ಎದ್ದು, ಆನ್‌ಲೈನಿನಲ್ಲಿ ಬೆನ್ನು ತುರಿಸುವ ಕಡ್ಡಿಯೊಂದನ್ನು ತರಿಸಿದೆ. ಈಮೇಲ್ ವಿಳಾಸ ಕೇಳಿದರು, ಕೊಟ್ಟೆ. ಕಡ್ಡಿ ವಾರದೊಳಗೆ ಮುರಿಯಿತು. ಈಮೇಲಿನ ಸಂಬಂಧ ಮುರಿಯಲಿಲ್ಲ! “ಪ್ರಿಯ ಚನ್ನಬಸಪ್ಪ, ನಿಮ್ಮ ಬೆನ್ನು ಹೇಗಿದೆ?” ಎಂದು ಬೆಳಿಗ್ಗೆ ಒಂದು, ಸಂಜೆ ಒಂದು. ನನ್ನ ಹೆತ್ತ ತಾಯಿಯೂ ಇಷ್ಟು ವಿಚಾರಿಸಿದವಳಲ್ಲ. ಆಮೇಲೆ ಆ ಕಂಪನಿ ನನ್ನ ವಿಳಾಸವನ್ನು ತನ್ನ ಬೀಗರು ಬಿಜ್ಜರಿಗೆಲ್ಲ ಹಂಚಿರಬೇಕು. ಬೋಳು ತಲೆಯವನಿಗೆ ಬಾಚಣಿಗೆ ಮಾರುವವರು ಬಂದರು. ನಲ್ಲಿಯಲ್ಲಿ ನೀರು ಬಂದರೆ ಓಣಿಗೆಲ್ಲ ಕೂಗಿ ಹೇಳುವ ನಮ್ಮಂಥವರಿಗೆ ಈಜುಡುಗೆ ಮಾರುವವರೂ ಬಂದರು!

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಅದೇ ಈಮೇಲಿಗೆ ನನ್ನ ಹೆಂಡತಿ ಸುಮಂಗಲಾಳ ಭವಿಷ್ಯವೂ ಬರುವುದಿತ್ತು. ಅವಳು ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕಡಕ್ ರೊಟ್ಟಿ ಮಾಡುತ್ತಾಳೆ. ಯಾದಗಿರಿ ಮೂಲದ, ಈಗ ಹೈದರಾಬಾದಿನಲ್ಲಿರುವ ಅಡುಗೆ ಗುತ್ತಿಗೆದಾರರೊಬ್ಬರು ರೊಟ್ಟಿಯ ರುಚಿ ನೋಡಿ ಮೆಚ್ಚಿ, ಒಂದು ದೊಡ್ಡ ಮದುವೆಗೆ ಮಾತಾಡಿದ್ದರು. ಅಷ್ಟು ದೊಡ್ಡ ಗಿರಾಕಿ ಅವಳಿಗೆ ಅದೇ ಮೊದಲು. ಆದರೆ ಅವರ ಕಚೇರಿಯಲ್ಲಿ ಎಲ್ಲವೂ ಲಿಖಿತ. ಪಕ್ಕಾ ಆರ್ಡರು ಮೇಲ್‌ನಲ್ಲಿ ಬರಬೇಕು, ಬಂದ ದಿನವೇ ನಾವು ಒಪ್ಪಿಗೆ ಕಳಿಸಬೇಕು. ದಿನ ಕಡಿಮೆ ಇದ್ದುದರಿಂದ ಹೆಣ್ಣುಮಕ್ಕಳು ಕಕ್ಕೇರಾದ ಬಿಳಿಜೋಳ ಬೀಸಿ, ಒಲೆಯ ಮುಂದೆ ಬೆಂದು, ಆರ್ಡರಿಗೆ ಮೊದಲೇ ರೊಟ್ಟಿಯ ಗೋಪುರ ಎಬ್ಬಿಸಿದ್ದರು.

“ಆ ಕಸದಾಗ ನನ್ನ ಆರ್ಡರ್ ಮುಚ್ಚಿ ಹೋದ್ರ ನಿಮ್ಮನ್ನ ಬಿಡಂಗಿಲ್ಲ ನೋಡ್ರಿ!” ಎಂದಳು ಸುಮಂಗಲಾ.

“ಹುಚ್ಚಿ! ಬ್ಯಾಡ ಅನ್ನೂದು ಗ್ರಾಹಕನ ಹಕ್ಕು. ಒಂದ್ ಗುಂಡಿ ಒತ್ತಿದ್ರ ಮುಗೀತು.”

“ಹಂಗಾದ್ರ ಒತ್ತ್ರಿ ಮತ್ತ. ಮಾತು ಸಾಕು.”

ಒತ್ತಲು ಕುಳಿತೆ. ಕೊಳ್ಳುವ ಗುಂಡಿ ಹಪ್ಪಳದಷ್ಟು ದೊಡ್ಡದು. ಬೇಡವೆನ್ನುವ ಗುಂಡಿ ಸಾಸಿವೆ ಕಾಳು! ಕನ್ನಡಕ ಒರೆಸಿಕೊಂಡು ಹುಡುಕಿ ಒತ್ತಿದರೆ “ನಿಜವಾಗಿಯೂ ಹೋಗುತ್ತೀರಾ?” ಎಂದಿತು. ಹೌದೆಂದೆ. “ನಮಗೆ ದುಃಖವಾಗಿದೆ” ಎಂದಿತು. ಆಗಲಿ ಎಂದೆ. “ಕಾರಣ ತಿಳಿಸಿ” ಎಂದಿತು. ತಿಳಿಸಿದೆ. “ಲಾಗಿನ್ ಆಗಿ” ಎಂದಿತು. ಯಾವ ಕಾಲದ ಪಾಸ್‌ವರ್ಡೋ! ಅದನ್ನು ಬದಲಾಯಿಸಲು ಹೋದರೆ ಟ್ರಾಫಿಕ್ ದೀಪಗಳಿರುವ ಚಿತ್ರಗಳನ್ನು ಆರಿಸಿ ನೀವು ಮನುಷ್ಯರೆಂದು ಸಾಬೀತು ಮಾಡಿ ಎಂದಿತು. ಶಹಾಪುರದಲ್ಲಿ ಹುಟ್ಟಿ ಬೆಳೆದವನಿಗೆ ಟ್ರಾಫಿಕ್ ದೀಪದ ಪರೀಕ್ಷೆ! ಮೂರು ಸಲ ಫೇಲಾದೆ. ಕಡೆಗೂ ಪಾಸಾದಾಗ “ಧನ್ಯವಾದ, ಮರಳಿ ಬಂದಿದ್ದಕ್ಕೆ ಸ್ವಾಗತ” ಎಂಬ ಮೇಲ್ ಬಂತು. ನನ್ನ ಸಿಟ್ಟು ನೆತ್ತಿಗೇರಿತು.

ಮರುದಿನ ತಮ್ಮನ್ನು ಬಿಟ್ಟುಹೋಗುವ ಅನುಭವ ಹೇಗಿತ್ತೆಂದು ಒಂದು ಸಮೀಕ್ಷೆ ಬಂತು. ಉರಿದುಹೋಗಿ “ಇವರಿಗೆ, ಇವರಿಂದ, ವಿಷಯ” ಎಂದು ಕ್ರಮಬದ್ಧವಾಗಿ ಅರ್ಜಿಯನ್ನೇ ಬರೆದು ಕಳಿಸಿದೆ. ‘ಸಕ್ರಿಯ ಗ್ರಾಹಕ’ನೆಂದು ಗುರುತಿಸಿ ನನಗೆ ವಿಶೇಷ ರಿಯಾಯಿತಿ ಘೋಷಿಸಿದರು!

ಭಾನುವಾರ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದೆ. ಪಕ್ಕದ ಮನೆಯ ಟೇಲರ್ ಮಹಬೂಬ್ ಕೇಳಿದ.

“ಯಾಕ್ರಿ ಸರ್, ತಬಿಯತ್ ಬರಾಬರ್ ಇಲ್ಲೇನು?”

ಎಲ್ಲ ಹೇಳಿಕೊಂಡೆ. ಅವನು ಬಿದ್ದು ಬಿದ್ದು ನಕ್ಕ.

“ಅರೇ ಸರ್, ನಂಗೂ ಹಿಂಗೇ ಲೋನ್ ತಗೋರಿ, ಲೋನ್ ತಗೋರಿ ಅಂತ ಫೋನ್ ಮ್ಯಾಲ ಫೋನ್. ಒಂದಿನ ನಾನೇ ಎತ್ತಿ, ಮಹಬೂಬ್ ಇಂತಕಾಲ್ ಆಗ್ಯಾನ್ರಿ, ಮಣ್ಣು ಮಾಡಿ ಈಗ ಬಂದೀವಿ ಅಂದೆ. ಖತಂ! ಅವತ್ತಿಂದ ಒಂದ್ ಫೋನ್ ಇಲ್ಲ.”

ನನ್ನ ಕಣ್ಣು ತೆರೆಯಿತು. ಸಂವಿಧಾನ ಕೊಡದ ಬಿಡುಗಡೆಯನ್ನು ಸಾವು ಕೊಡುತ್ತದೆ! ಈಮೇಲಿನಲ್ಲಿ ಒಂದು ಅನುಕೂಲವಿದೆ. ಒಮ್ಮೆ ಬರೆದಿಟ್ಟರೆ ಸಾಕು, ಯಾವ ಮೇಲ್ ಬಂದರೂ ಅದೇ ಉತ್ತರ ತಾನಾಗಿ ಹೋಗುತ್ತದೆ. ಸಾಮಾನ್ಯರು ಅದರಲ್ಲಿ ರಜೆಯಲ್ಲಿದ್ದೇನೆ ಎಂದು ಬರೆಯುತ್ತಾರೆ. ನಾನು ಹೀಗೆ ಬರೆದೆ: “ವಿದ್ಯಾರ್ಥಿಗಳ ಕಣ್ಮಣಿ, ನಿಗರ್ವಿ, ಮಿತಭಾಷಿ ಶ್ರೀ ಚನ್ನಬಸಪ್ಪನವರು ಶಿವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಇನ್ನು ಮುಂದೆ ಈ ವಿಳಾಸಕ್ಕೆ ಯಾರೂ ಈಮೇಲ್ ಕಳಿಸಬಾರದೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು.” ಓದಿಕೊಂಡಾಗ ಎಂಥ ಮನುಷ್ಯ ಹೋಗಿಬಿಟ್ಟನಲ್ಲ ಎಂದು ನನಗೇ ಕಣ್ಣು ತುಂಬಿ ಬಂತು.

ಸೋಮವಾರ ಇಡೀ ದಿನ ಮೇಲ್ ತೆರೆಯಲೇ ಇಲ್ಲ. ಸತ್ತವನು ಮೇಲ್ ನೋಡುವುದು ಎಲ್ಲಿಯ ನ್ಯಾಯ? ಸಂಜೆ ಸುಮಂಗಲಾ “ಏನರ ಬಂತೇನ್ರಿ?” ಎಂದಾಗಲೂ “ಬಂದ್ರ ಗೊತ್ತಾಗ್ತದ ಬಿಡು” ಎಂದು ಆರಾಮಾಗಿ ಚಹಾ ಕುಡಿದೆ.

ಮಂಗಳವಾರ ಬಸ್ಸು ತಡವಾಯಿತು. ಕಾಲೇಜು ಮುಟ್ಟಿದಾಗ ಅಂಗಳದಲ್ಲಿ ಹುಡುಗರೆಲ್ಲ ಸಾಲಾಗಿ, ಮೌನವಾಗಿ ನಿಂತಿದ್ದರು. ಪ್ರಾಚಾರ್ಯರು ತಲೆ ತಗ್ಗಿಸಿದ್ದರು. ಪಾಪ, ಯಾರೋ ಹೋಗಿದ್ದಾರೆ ಎಂದು ನಾನೂ ಚಪ್ಪಲಿ ಕಳಚಿ ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ನಿಂತೆ. ತಡೆಯಲಾರದೆ ಪಕ್ಕದ ಗುಮಾಸ್ತನಿಗೆ ಪಿಸುಗುಟ್ಟಿದೆ.

“ಯಾರು ತೀರಿಕೊಂಡ್ರು?”

ಅವನು ನನ್ನತ್ತ ತಿರುಗಿದ. ಬಾಯಿ ತೆರೆದ. ಮುಚ್ಚಲಿಲ್ಲ.

“ಸರ್... ನೀವ ಅಲ್ಲೇನ್ರಿ!”

ಗದ್ದಲವೋ ಗದ್ದಲ. ಪ್ರಾಚಾರ್ಯರು ಹಿಂದಿನ ಸಂಜೆ ಪರೀಕ್ಷೆಯ ವಿಷಯವಾಗಿ ನನಗೆ ಮೇಲ್ ಕಳಿಸಿದ್ದರಂತೆ. ಬೆಳಿಗ್ಗೆ ನನ್ನ ಸಾವಿನ ಉತ್ತರ ಓದಿದ್ದಾರೆ. ಮನೆಗೆ ಫೋನ್ ಮಾಡಿ ಕೇಳಲು ಯಾರಿಗೂ ಬಾಯಿ ಬಂದಿಲ್ಲ.

“ಮಿತಭಾಷಿ ಅಂತ ಓದಿದಾಗ್ಲೇ ನಂಗ ಡೌಟ್ ಬಂದಿತ್ತು!” ಎಂದು ಪ್ರಾಚಾರ್ಯರು ಗದರಿದರು.

ಹುಡುಗರ ಸಿಟ್ಟು ಬೇರೆಯೇ. ಆ ದಿನ ಸಂತಾಪದ ರಜೆ ಘೋಷಿಸಿದ್ದರು, ಅದು ರದ್ದಾಯಿತು. ಬದುಕಿ ಬಂದದ್ದಕ್ಕೆ ಇಡೀ ಕಾಲೇಜು ನನ್ನನ್ನು ದುರುಗುಟ್ಟಿ ನೋಡಿತು.

ಆಗ ನನಗೆ ಹೊಳೆಯಿತು. ಪ್ರಾಚಾರ್ಯರಿಗೆ ಹೋದ ಉತ್ತರ ಇನ್ಯಾರಿಗೆಲ್ಲ ಹೋಗಿರಬಹುದು? ಅಲ್ಲೇ ನಿಂತು ಮೇಲ್ ತೆರೆದೆ. ಈಜುಡುಗೆ, ಬಾಚಣಿಗೆಗಳ ನಡುವೆ ಹೈದರಾಬಾದಿನ ಆರ್ಡರು! ಸೋಮವಾರ ಬೆಳಿಗ್ಗೆಯೇ ಬಂದಿತ್ತು. ಅದಕ್ಕೆ ನನ್ನ ಕಡೆಯಿಂದ ನನ್ನ ಸಾವು ಹೋಗಿತ್ತು.

ಸಿಕ್ಕ ಬಸ್ಸು ಹತ್ತಿ ಮನೆಗೆ ಬಂದೆ. ವಿಷಯ ಕೇಳಿ ಸುಮಂಗಲಾ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದಳು. ಹೆಣ್ಣುಮಕ್ಕಳು ಒಲೆ ಬಿಟ್ಟು ಸುತ್ತ ನಿಂತರು.

“ಅಣ್ಣಾರ, ನಮ್ಮ ಮನ್ಯಾಗ ಯಾರೂ ಸತ್ತಿಲ್ರಿ! ನಮ್ಮವರು ಇಲ್ಲೇ ಗುಂಡಕಲ್ಲಿನಂಗ ಕುಂತಾರ!”

“ಅಕ್ಕಾರ, ಮೇಲ್ ಓದಿ ನಮ್ಮ ಮನಿಯವಳು ಅತ್ತಾಳ್ರಿ” ಎಂದರು ಗುತ್ತಿಗೆದಾರರು. “ಸೂತಕದ ಮನಿ ರೊಟ್ಟಿ ಮದುವಿಗೆ ಹ್ಯಾಂಗ ತರೂದು ಅಂತ ಹುಡುಗಿ ಕಡೆಯವರು ಒಪ್ಪಲಿಲ್ಲ. ನಿನ್ನೇನ ಬ್ಯಾರೆ ಕಡೆ ಹೇಳಿ, ಮುಂಗಡಾನೂ ಕೊಟ್ಟೀವಿ.”

ನಾನು ಫೋನ್ ಕಸಿದುಕೊಂಡೆ.

“ಸಾಹೇಬ್ರ, ನಾನು ಮಾತಾಡಾಕತ್ತೇನಿ!”

“ಯಾರ್ರಿ ನೀವು?”

“ಸತ್ತವರು!”

ಅತ್ತ ಕಡೆ ಅವರು “ಶಿವ ಶಿವಾ” ಎಂದರು. ನಾನೇ ಮುಂದುವರಿಸಿದೆ.

“ಖರೇನೋ ಸುಳ್ಳೋ ಅಂತ ಇನ್ನೊಂದ್ ಮೇಲ್ ಹಾಕಿ ಕೇಳಬಾರದೇನ್ರಿ?”

“ಹ್ಯಾಂಗ ಹಾಕೂದ್ರಿ? ಮೇಲ್ ಕಳಿಸಬಾರದು ಅನ್ನೂದ ಅವರ ಕೊನೀ ಇಚ್ಛಾ ಅಂತ ಬರೆದಿದ್ರಿ. ಸತ್ತವರ ಮಾತು ಮೀರೂದು ಸರಿ ಅಲ್ಲ ಅಂತ ಬಿಟ್ಟೆವು.”

ಫೋನ್ ಇಟ್ಟೆ. ಜಾಹೀರಾತಿನ ಮೇಲ್‌ಗಳು ಬರುವ ವಿಳಾಸಗಳಲ್ಲಿ ಉತ್ತರ ಓದುವವರೇ ಇರುವುದಿಲ್ಲವಂತೆ. ನನ್ನ ಸಾವು ಮುಟ್ಟಿದ್ದು ಓದುವ ಮನುಷ್ಯರಿಗೆ ಮಾತ್ರ. ಈಜುಡುಗೆ ಅಂದೂ ಬಂತು. ನನ್ನ ಹಕ್ಕನ್ನು ಗೌರವಿಸಿ, ಒಂದೇ ಮಾತಿಗೆ ಈಮೇಲ್ ನಿಲ್ಲಿಸಿದ ವ್ಯಾಪಾರಿ ಇಡೀ ಜಗತ್ತಿನಲ್ಲಿ ಆ ಗುತ್ತಿಗೆದಾರರೊಬ್ಬರೇ!

ಹೆಣ್ಣುಮಕ್ಕಳು ರೊಟ್ಟಿಯ ಗೋಪುರ ನೋಡುತ್ತ ನಿಂತರು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು. ಸುಮಂಗಲಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಮುಂದಿಟ್ಟಳು.

“ಏಳ್ರಿ. ಇವು ಮುಗಿಯೂತನ ಮಾರಿಕೊಂಡು ಬರ್ರಿ.”

ಈಗ ಕಾಲೇಜು ಬಿಟ್ಟ ಮೇಲೆ ದಿನಾ ಗಂಟು ಹೊತ್ತು ಓಣಿ ಓಣಿ ತಿರುಗುತ್ತೇನೆ. ಕೊಂಡವರ ಮನೆಗೆ ಮರುದಿನ ಹೋಗಿ ರೊಟ್ಟಿ ಹೇಗಿತ್ತೆಂದು ವಿಚಾರಿಸುತ್ತೇನೆ. ಬೇಡವೆಂದವರ ಮನೆಗೂ ಹೋಗುತ್ತೇನೆ. ನಾಲ್ಕು ಮನೆಯ ದುಡಿಮೆ ನನ್ನ ತಲೆಯ ಮೇಲಿದೆ, ಏನು ಮಾಡಲಿ? ನಿನ್ನೆ ಊರ ಬಾಗಿಲಾದ ಅಗಸಿಯ ಹತ್ತಿರದ ಮನೆಯೊಂದರಲ್ಲಿ ನನ್ನ ದನಿ ಕೇಳುತ್ತಲೇ ಅಜ್ಜಿಯೊಬ್ಬಳು ಕಿಟಕಿಯಿಂದಲೇ ಕೈ ಮುಗಿದಳು.

“ಯಪ್ಪಾ ಮಾಸ್ತರ, ದಿನಾ ಬ್ಯಾಡ ಬ್ಯಾಡ ಅಂದ್ರೂ ಬರ್ತೀಯಲ್ಲೋ! ನಾ ಸತ್ತೀನಿ ಅಂತ ತಿಳಕೊಂಡು ಮುಂದ ಹೋಗು!”

ನಾಳೆ ಮತ್ತೊಮ್ಮೆ ಬಂದು ನೋಡುತ್ತೇನೆಂದು ಹೇಳಿ ಮುಂದಿನ ಮನೆಗೆ ಹೋದೆ.