ಮಂಚದ ಕೆಳಗಿನ ಕವಡೆ

ಲೆಕ್ಕ ಬಲ್ಲವರಿಗೆ ಸ್ವಲ್ಪ ಅಹಂಕಾರವಿರುತ್ತದೆ. ನನಗಂತೂ ಅದು ಕಾನ್ವೆಂಟಿನ ಯೂನಿಫಾರ್ಮಿನ ಜೊತೆಗೇ ಬಂದದ್ದು. ಗಣಿತದ ಸಿಸ್ಟರ್ ನಾಣ್ಯ ಚಿಮ್ಮುವ ಮೊದಲು ಹೇಳುತ್ತಿದ್ದರು, “ಗರ್ಲ್ಸ್, ಏನೇನು ಆಗಬಹುದೋ ಆ ಔಟ್‌ಕಮ್‌ಗಳನ್ನೆಲ್ಲ ಮೊದಲು ಎಣಿಸಿ. ಪ್ರಾರ್ಥನೆ ಆಮೇಲೆ.” ನಮ್ಮ ಮನೆಯಲ್ಲಿ ಪ್ರಾರ್ಥನೆ ಮೊದಲು, ಜಗಳ ಆಮೇಲೆ, ಲೆಕ್ಕ ಯಾವತ್ತೂ ಇಲ್ಲ.

ಹೋದ ತಿಂಗಳು ಮಕ್ತಲ್ ಊರಿನ ಗಂಡನ ಮನೆಯಲ್ಲಿ, ತೀರಿಹೋದ ಅತ್ತೆಯವರ ಟ್ರಂಕು ತೆರೆದೆವು. ಎಲ್ಲ ಹಂಚಿಯಾದ ಮೇಲೆ ಒಂದು ಗದ್ವಾಲ ಸೀರೆ ಉಳಿಯಿತು: ಸಾಸಿವೆ ಬಣ್ಣದ ಮೈ, ಗಿಳಿಹಸಿರು ರೇಷ್ಮೆಯ ಅಂಚು. ಫ್ರಾಕು ಬಿಚ್ಚಿ ನೇರ ಹಸೆಮಣೆಗೆ ಬಂದಂತಿದ್ದ ನನಗೆ ಅತ್ತೆ ನೆರಿಗೆ ಹಿಡಿಯಲು ಕಲಿಸಿದ್ದು ಅದೇ ಸೀರೆಯಲ್ಲಿ. ಅದು ನನಗೇ ಬೇಕಿತ್ತು. ನೆಗೆಣ್ಣಿ ಬಸಮ್ಮನಿಗೂ ನಾದಿನಿ ಶಂಕ್ರಮ್ಮನಿಗೂ ಇಂಥವೇ ಪವಿತ್ರ ಕಾರಣಗಳಿದ್ದವು.

“ಸುಮ್ನ ಯಾಕ ಬಾಯಿ ನೋಯಿಸ್ಕೊಂತೀರಿ? ಅವ್ವನ ಕವಡಿ ಅದಾವಲ್ಲ, ಒಗದು ನೋಡೂಣು,” ಎಂದಳು ಶಂಕ್ರಮ್ಮ. ಅತ್ತೆ ಮಧ್ಯಾಹ್ನ ಅಷ್ಟಾಚಮ್ಮ, ಅಂದರೆ ಚೌಕಾಬಾರ, ಆಡುತ್ತಿದ್ದ ನಾಲ್ಕು ಕವಡೆ. ಬಾಯಿ ಮೇಲಾಗಿ ಎಷ್ಟು ಬೀಳುತ್ತವೋ ಅಷ್ಟು. ನಾಲ್ಕೂ ಬೋರಲು ಬಿದ್ದರೆ ಎಂಟು. ಒಬ್ಬೊಬ್ಬರು ಒಂದೊಂದು ಸಂಖ್ಯೆ ಹಿಡಿಯುವುದು. ಯಾರದ್ದು ಬೀಳುತ್ತದೋ ಸೀರೆ ಅವರಿಗೆ, ಯಾರದ್ದೂ ಬೀಳದಿದ್ದರೆ ಮತ್ತೆ ಎಸೆಯುವುದು.

“ನಂಗ ಎಂಟು. ಎಲ್ಲಾಕ್ಕಿಂತ ದೊಡ್ಡದು,” ಎಂದಳು ಬಸಮ್ಮ, ಸಂತೆಯಲ್ಲಿ ಕುಂಬಳಕಾಯಿ ಆರಿಸುವಂತೆ.

“ದೇವರು ಒಬ್ಬನ. ನಂಗ ಒಂದು,” ಎಂದಳು ಶಂಕ್ರಮ್ಮ.

ಪೂರ್ ಥಿಂಗ್ಸ್! ನಾಲ್ಕು ಕವಡೆ ಬೀಳುವ ಬಗೆ ಹದಿನಾರು. ಅದರಲ್ಲಿ ಎಂಟಕ್ಕೆ ಒಂದೇ ದಾರಿ, ಒಂದಕ್ಕೆ ನಾಲ್ಕು, ಎರಡಕ್ಕೆ ಆರು. ತ್ಯಾಗಮಯಿಯ ಮುಖ ಮಾಡಿ, “ನನಗೆ ಎರಡು ಸಾಕಮ್ಮ,” ಎಂದೆ.

“ನಮ್ಮ ಅಕ್ಕಾರಿಗೆ ಆಸಿ ಅನ್ನೂದ ಇಲ್ಲ ನೋಡ್ರಿ,” ಎಂದು ಬಸಮ್ಮ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಶಂಕ್ರಮ್ಮ ಎಸೆದಳು. ಮೂರು ಕವಡೆ ಚಾಪೆಯ ಮೇಲೆ ಬೋರಲು ಬಿದ್ದವು. ನಾಲ್ಕನೆಯದು ಉರುಳಿ ಕಬ್ಬಿಣದ ಮಂಚದ ಕೆಳಗೆ ಹೋಯಿತು. ಸಿಸ್ಟರ್ ಎಣಿಸಿದ ಔಟ್‌ಕಮ್‌ಗಳಲ್ಲಿ ಮಂಚ ಇರಲಿಲ್ಲ.

“ಡೋಂಟ್ ಟಚ್! ಯಾರೂ ಮುಟ್ಟಬೇಡಿ!” ಎಂದು ಕಿರುಚಿದೆ. ನನ್ನಂಥ ಮಂಡಿ ಬಗ್ಗದವಳಿಗೆ ಬಾಯೊಂದೇ ಗತಿ. ಬಸಮ್ಮ ಆಗಲೇ ಹೊಟ್ಟೆ ಎಳೆದುಕೊಂಡು ಒಳಗೆ ತೆವಳಿದ್ದಳು. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ.

“ಬೋರಲ ಬಿದ್ದೈತ್ರೀ!” ಎಂದಿತು ಮಂಚ. ಆಮೇಲೆ ತಲೆಗೆಲ್ಲ ಜೇಡರ ಬಲೆ ಹೊತ್ತು, ಕವಡೆಯನ್ನು ಮುಷ್ಟಿಯಲ್ಲಿ ಹಿಡಿದು ಬಸಮ್ಮ ಹೊರಬಂದಳು.

“ಮುಷ್ಟ್ಯಾಗ ಹಿಡಕೊಂಡ ಬಂದೀಯಲ್ಲ, ನಾವು ಹ್ಯಾಂಗ ನಂಬಬೇಕು?” ಎಂದಳು ಶಂಕ್ರಮ್ಮ.

“ಅತ್ತಿ ಆಣಿ!”

ಸತ್ತ ತಾಯಿಯ ಆಣೆಗೆ ಶಂಕ್ರಮ್ಮ ಮರುಪ್ರಶ್ನೆ ಹಾಕುವಂತಿಲ್ಲ. ಎವಿಡೆನ್ಸ್, ಫೇರ್‌ನೆಸ್ ಎಂದು ನಾನೊಬ್ಬಳೇ ಒದರುತ್ತಿದ್ದೆ. ಅಷ್ಟರಲ್ಲಿ ಬಸಮ್ಮ ಸೀರೆ ಸುತ್ತಿಕೊಂಡೇ ಬಿಟ್ಟಿದ್ದಳು. “ಅಕ್ಕಾರ, ನೆರಿಗಿ ಕೂಡವಲ್ದು. ಸ್ವಲ್ಪ ಹಿಡೀರಿ.”

ಕೂತು ಹಿಡಿದೆ. ಒಂದೊಂದೇ ನೆರಿಗೆ, ಅತ್ತೆ ಕಲಿಸಿದ ಹಾಗೆ.

“ಮಂಡಿ ಈಗ ಬಗ್ಗತಲ್ರೀ, ಅತ್ತಿಗಿ!” ಎಂದಳು ಶಂಕ್ರಮ್ಮ.

ನಾರಾಯಣಪೇಟೆಯ ಬಸ್ಸಿನಲ್ಲಿ ಕೂತು ಅದನ್ನೇ ನೆನೆದು ಕೊರಗಿದೆ: ಆಗಲೇ ಬಗ್ಗಿದ್ದರೆ? ಬಸಮ್ಮನಿಗಿಂತ ಮೊದಲೇ ಮಂಚದ ಕೆಳಗೆ ನುಗ್ಗಿದ್ದರೆ? ಊರು ಹತ್ತಿರ ಬಂದಾಗ ಲೆಕ್ಕ ಹೊಳೆಯಿತು. ಮೂರು ಬೋರಲು ಬಿದ್ದ ಮೇಲೆ ಆ ನಾಲ್ಕನೆಯದು ಹೇಗೆ ಬಿದ್ದರೂ ಎಂಟು, ಇಲ್ಲವೇ ಒಂದು. ನನ್ನ ಎರಡು ಚಾಪೆಯ ಮೇಲೆಯೇ ಸತ್ತಿತ್ತು. ಹದಿನಾರು ಎಣಿಸಿ ಬೀಗಿದವಳು, ಕೊನೆಗುಳಿದ ಎರಡು ಬಗೆಯನ್ನು ಎಣಿಸದೆ, ಬೇರೆಯವರ ಕವಡೆಗೆ ಗಂಟಲು ಹರಿದುಕೊಂಡಿದ್ದೆ.