ಜೀವಂತ ಮುಖ ಪತ್ತೆಯಾಗಿಲ್ಲ

ಅಚ್ಚುತ ಗೌಡರು ಹತ್ತು ವರ್ಷ ಚಿಕ್ಕವರಾಗಿ ಕಾಣಲು ಹೋದದ್ದೇ ಎಲ್ಲದಕ್ಕೂ ಮೂಲ.

ಕೊಯಿಲದ ಜಾನುವಾರು ಕ್ಷೇತ್ರದಲ್ಲಿ ಮೂವತ್ತೊಂದು ವರ್ಷ ದನ, ಎಮ್ಮೆಗಳ ಚಾಕರಿ ಮಾಡಿ ನಿವೃತ್ತರಾದ ಅವರು ಈಗ ಹೆಂಡತಿ ಸೇವಂತಿಯೊಡನೆ ಸವಣೂರಿನಲ್ಲಿ ನೆಮ್ಮದಿಯಾಗಿದ್ದರು. ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮುಗಿಸಿ ಫೋನು ತಿಕ್ಕುತ್ತಾ ಕೂತಿದ್ದಾಗ, ‘ನಿಮ್ಮ ಯೌವನದ ಮುಖ ಮತ್ತೆ ನೋಡಿ, ಪೂರ್ತಿ ಉಚಿತ’ ಎಂದು ಒಂದು ಆ್ಯಪ್ ಕರೆಯಿತು. ಉಚಿತವೆಂದ ಮೇಲೆ ಬಿಡುವುದುಂಟೇ? ಅದು ಎಡಕ್ಕೆ ತಿರುಗಿ ಎಂದಿತು, ತಿರುಗಿದರು. ಬಲಕ್ಕೆ ಎಂದಿತು, ಅದಕ್ಕೂ ತಿರುಗಿದರು. ಕಣ್ಣು ಮಿಟುಕಿಸಿ, ಈ ನಾಲ್ಕು ಸಾಲು ಗಟ್ಟಿಯಾಗಿ ಓದಿ ಎಂದಿತು. ಲಸಿಕೆಗೆ ನಿಂತ ಸಾಧು ದನದ ಹಾಗೆ ಎಲ್ಲವನ್ನೂ ಮಾಡಿದರು. ಕೊನೆಗೆ ಮಾರುದ್ದದ ಇಂಗ್ಲಿಷ್ ಬರಹದ ಅಡಿಯಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ ಬಂತು. ಒತ್ತಿದರು. ಕಪ್ಪು ಮೀಸೆ, ತುಂಬಿದ ಕೆನ್ನೆಯ ಅಚ್ಚುತ ಗೌಡರ ಫೋಟೋ ಬಂತು. ಕುಟುಂಬದ ಗ್ರೂಪಿಗೆ ಹಾಕಿದರು, ಹನ್ನೊಂದು ಹೆಬ್ಬೆರಳು ಬಂದವು, ಅಲ್ಲಿಗೆ ಮರೆತರು.

ಇವತ್ತು ಅವರು ಪುತ್ತೂರಿಗೆ ಹೋಗಲೇಬೇಕಿತ್ತು. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವಿನ್ನೂ ಸತ್ತಿಲ್ಲವೆಂದು ತೋರಿಸಿ ಜೀವಿತ ಪ್ರಮಾಣಪತ್ರ ಮಾಡಿಸಬೇಕು. ಈ ಸಲದಿಂದ ಕಾಗದವಿಲ್ಲ, ಫೋನಿಗೆ ಮುಖ ತೋರಿಸಬೇಕು. ಇವತ್ತು ಸಂಜೆ ಐದಕ್ಕೆ ಗಡುವು. ಹೊರಡುವ ಮುಂಚೆ ಒಂದು ಚಾ ಕುಡಿಯೋಣವೆಂದು ಅವರು ಕಿಟ್ಟಣ್ಣನ ಹೋಟೆಲಿಗೆ ಹೋದರು.

ಕಿಟ್ಟಣ್ಣ ಎಂದೂ ಇಲ್ಲದ ಮರ್ಯಾದೆಯಿಂದ ಓಡಿ ಬಂದು, ಬೆಂಚಿನ ಮೇಲೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿದ.

“ಕೂತ್ಕೊಳ್ಳಿ ಅಚ್ಚುತಣ್ಣ. ಮೆಲ್ಲಗೆ, ಮೆಲ್ಲಗೆ.”

“ಇದೆಂತದಕ್ಕೆ ಮಾರಾಯ?”

“ನಮ್ಮ ಹತ್ರ ಎಂತ ನಾಚಿಕೆ? ಹನ್ನೆರಡು ವರ್ಷ ಒಂದು ಮಾತು ಹೇಳದೆ ಸಹಿಸಿದ್ರಲ್ಲ! ಅದೂ ದಿನಾ ನನ್ನ ಈ ಹಲಗೆ ಬೆಂಚಲ್ಲಿ ಕೂತು!” ಎಂದು ಕಿಟ್ಟಣ್ಣ ತನ್ನ ಫೋನನ್ನು ಅವರ ಮೂಗಿನ ಮುಂದೆ ಹಿಡಿದ.

ಫೋನಿನೊಳಗೆ ಅಚ್ಚುತ ಗೌಡರು ಕೂತಿದ್ದರು. ಕಪ್ಪು ಮೀಸೆ, ತಲೆಗೆ ಕೇಸರಿ ಪಟಗ.

“ನಮಸ್ಕಾರ್ರೀ, ನಾನು ಗದಗಿನ ಚನ್ನವೀರಪ್ಪ,” ಎಂದರು ಫೋನಿನವರು, ಅಚ್ಚುತ ಗೌಡರದೇ ಗೊಗ್ಗರು ದನಿಯಲ್ಲಿ. “ಹನ್ನೆರಡು ವರ್ಷ ಮೂಲವ್ಯಾಧಿ ಆಗಿ ಕುಂತಲ್ಲಿ ಕುಂದ್ರಾಕ ಆಗ್ತಿರ್ಲಿಲ್ರೀ. ಮೂಲಹಾರಿ ಚೂರ್ಣ ತಗೊಂಡೆ ನೋಡ್ರಿ, ಈಗ ಚಕ್ಕಡ್ಯಾಗ ಕುಂತು ಸಂತಿಗೆ ಹೋಗಿ ಬರ್ತೀನಿ!”

ಅಚ್ಚುತ ಗೌಡರು ಫೋನನ್ನು ಕಣ್ಣ ಹತ್ತಿರ ಎಳೆದುಕೊಂಡರು. ಹುಬ್ಬಿನ ಮೇಲೆ ಎಮ್ಮೆ ಹಾಯ್ದ ಗಾಯದ ಗುರುತು ಇದ್ದಲ್ಲೇ ಇತ್ತು. ಅದಾದರೂ ಇರಲಿ. ಮಾತು ಮುಗಿಸುವಾಗ ಆ ಚನ್ನವೀರಪ್ಪ ಬಲಗಿವಿಯ ಹಾಲೆ ಹಿಡಿದು ಎರಡು ಸಲ ಎಳೆದುಕೊಂಡ. ಅದು ಅಚ್ಚುತ ಗೌಡರ ಚಿಕ್ಕಂದಿನ ಅಭ್ಯಾಸ. ಆ್ಯಪ್‌ಗೆ ಅದನ್ನು ತೋರಿಸಿದ ನೆನಪು ಅವರಿಗೆ ಇರಲಿಲ್ಲ.

“ಇದು ನಾನಲ್ಲ!” ಎಂದರು, ಬಲಗಿವಿಯ ಹಾಲೆ ಎಳೆಯುತ್ತಾ.

“ಅಲ್ಲ, ಅಲ್ಲ,” ಎಂದ ಕಿಟ್ಟಣ್ಣ ಸಮಾಧಾನದ ದನಿಯಲ್ಲಿ. “ಆ ಚೂರ್ಣ ಒಂದು ಡಬ್ಬ ನನ್ನ ಭಾವನಿಗೂ ಬೇಕಿತ್ತು. ನಿಮಗೆ ಕಮ್ಮಿಗೆ ಸಿಗ್ತದಾ?”

ಚಾ ಕುಡಿಯದೆಯೇ ಅಚ್ಚುತ ಗೌಡರು ಮನೆಗೆ ಓಡಿದರು. ಸೇವಂತಿ ಜಾಹೀರಾತನ್ನು ಒಮ್ಮೆ ನೋಡಿದಳು. ಇನ್ನೊಮ್ಮೆ ನೋಡಿದಳು. ಮೂರನೆಯ ಸಲ ನೋಡಿ, “ನಾನೂ ಬರ್ತೇನೆ ಪುತ್ತೂರಿಗೆ,” ಎಂದು ಸೀರೆ ಬದಲಿಸಲು ಒಳಗೆ ಹೋದಳು.

ಬಸ್ಸಿನಲ್ಲಿ ಅರ್ಧ ಜನ ಅವರನ್ನು ಕಂಡು ಎದ್ದು ನಿಂತರು, ಇನ್ನರ್ಧ ಬಾಯಿಗೆ ಕೈ ಅಡ್ಡ ಹಿಡಿದರು. ಹಿಂದಿನ ಸೀಟಿನಲ್ಲಿದ್ದ ಆಚೆಮನೆಯ ನಫೀಸಮ್ಮ ಮುಂದಕ್ಕೆ ಬಗ್ಗಿ ಪಿಸುಗುಟ್ಟಿದರು.

“ಅಚ್ಚುತಣ್ಣ, ತಪ್ಪು ತಿಳ್ಕೊಳ್ಬೇಡಿ. ನಿಮ್ಮ ಪಕ್ಕ ಕೂತದ್ದು ಯಾರು?”

“ಸೇವಂತಿ ಅಲ್ವಾ ನಫೀಸಮ್ಮ. ಕಣ್ಣು ಕಾಣುದಿಲ್ವಾ?”

“ಇಲ್ಲಿ ಅಲ್ಲ. ಇದರಲ್ಲಿ.”

ಅವರ ಫೋನಿನಲ್ಲಿ ಹೊಸ ಜಾಹೀರಾತು. ಚನ್ನವೀರಪ್ಪನ ಪಕ್ಕದಲ್ಲಿ ಮೂವತ್ತೈದು ದಾಟದ, ಮಲ್ಲಿಗೆ ಮುಡಿದ ಹೆಂಗಸು ಕೂತಿದ್ದಳು. ಚನ್ನವೀರಪ್ಪ ಎಡಕ್ಕೆ ತಿರುಗಿ ಅವಳ ಕಣ್ಣಲ್ಲಿ ಕಣ್ಣಿಟ್ಟು, “ನನ್ನ ಹೇಣ್ತಿ ಇಲ್ಲದಿದ್ರ ನಾನು ಇಷ್ಟೊತ್ತಿಗೆ ಸತ್ತೇ ಹೋಗ್ತಿದ್ದೆ,” ಎಂದು ಮುಗುಳ್ನಕ್ಕ.

ಸೇವಂತಿ ನಫೀಸಮ್ಮನ ಕೈಯಿಂದ ಫೋನು ತೆಗೆದುಕೊಂಡಳು. ಬಸ್ಸು ಎರಡು ಸ್ಟಾಪ್ ದಾಟುವವರೆಗೂ ಅದನ್ನೇ ಮತ್ತೆ ಮತ್ತೆ ನೋಡಿದಳು.

“ಸೇವಂತಿ, ಆ ಹೆಂಗಸು ಯಾರೂಂತ ನನಗೆ ದೇವರಾಣೆ ಗೊತ್ತಿಲ್ಲ. ಅವಳು ಮನುಷ್ಯಳೇ ಅಲ್ಲ. ಮೆಷಿನು ಮಾಡಿದ್ದು.”

“ಅವಳ ವಿಷಯ ಬಿಡಿ,” ಎಂದಳು ಸೇವಂತಿ. “ನೀವು ನನ್ನ ಹತ್ರ ಹೀಗೆ ಮುಖ ನೋಡಿ ಮಾತಾಡದೆ ಎಷ್ಟು ವರ್ಷ ಆಯ್ತು?”

“ಅಂವ ಪೈಲ್ಸಿನ ವಿಷಯ ಮಾತಾಡುದು ಮಾರಾಯ್ತಿ!”

“ಎಂತದಾದ್ರೂ ಮಾತಲ್ವಾ.”

ಪುತ್ತೂರು ಬಸ್‌ಸ್ಟ್ಯಾಂಡಿನ ಹಿಂದೆ ಕೃಷ್ಣಮೋಹನನ ಆನ್‌ಲೈನ್ ಸೇವೆಯ ಅಂಗಡಿ. ಆರ್‌ಟಿಸಿ, ಪಾನ್ ಕಾರ್ಡು, ಬಸ್ ಟಿಕೆಟ್ಟು ಎಲ್ಲವೂ ಅಲ್ಲಿ ಆಗುತ್ತಿತ್ತು. ಕೃಷ್ಣಮೋಹನ ಕತೆಯನ್ನೆಲ್ಲ ಕೇಳಿ, ರೋಗಿಯ ನಾಡಿ ಹಿಡಿದ ಪಂಡಿತನ ಹಾಗೆ ತಲೆದೂಗಿದ.

“ಮೊದಲು ಒಂದು ವಿಡಿಯೋ ಮಾಡುವ ಸರ್. ‘ಅದು ನಾನಲ್ಲ, ನನಗೆ ಆ ರೋಗ ಇಲ್ಲ’ ಅಂತ ಹೇಳಿ. ಊರಿನ ಗ್ರೂಪಿಗೆಲ್ಲ ಹಾಕುವ.”

ಅಚ್ಚುತ ಗೌಡರು ಗೋಡೆಗೆ ಬೆನ್ನು ಕೊಟ್ಟು ನಿಂತರು. ‘ನನಗೆ ಮೂಲವ್ಯಾಧಿ ಇಲ್ಲ’ ಎಂಬ ಮೂರು ಮಾತು ಕಲ್ಲುರಸ್ತೆಯಲ್ಲಿ ಹೋಗುವ ಜೀಪಿನಂತೆ ಕುಲುಕುತ್ತಾ ಬಂದವು. ಹತ್ತು ನಿಮಿಷದಲ್ಲಿ ಉತ್ತರಗಳು ಸುರಿಯತೊಡಗಿದವು. ಕೃಷ್ಣಮೋಹನ ಒಂದೊಂದಾಗಿ ಓದಿದ.

“‘ಇದು ನಕಲಿ, ತುಟಿ ಒಂದು ಕಡೆ, ಮಾತು ಒಂದು ಕಡೆ.’ ‘ಅಸಲಿಯವನ ಮುಖದಲ್ಲಿ ಕಳೆ ಉಂಟು, ಇವನದ್ದು ಗೊಂಬೆ ಮುಖ.’ ಮತ್ತೆ ಇದು... ‘ನಮ್ಮ ಅಚ್ಚುತಣ್ಣನ ಹೆಸರು ಹಾಳು ಮಾಡುವ ಈ ಕಳ್ಳನನ್ನು ಹಿಡಿಯಿರಿ.’ ಯಾರೋ ಕಿಟ್ಟಣ್ಣ ಅಂತೆ ಸರ್.”

ಅಚ್ಚುತ ಗೌಡರು ಅಂಗಡಿಯ ಕನ್ನಡಿ ಬಾಗಿಲಿನಲ್ಲಿ ಮುಖ ನೋಡಿಕೊಂಡರು. ಗುಳಿಬಿದ್ದ ಕೆನ್ನೆ, ಬಿಳಿ ಮೀಸೆ, ಹೆದರಿದ ಕಣ್ಣು. ಮೂವತ್ತೊಂದು ವರ್ಷ ಅವರು ಕಿವಿಯ ಬಿಲ್ಲೆ ನೋಡದೆ, ಮುಖ ನೋಡಿಯೇ ಇನ್ನೂರು ದನಗಳನ್ನು ಗುರುತಿಸಿದವರು. ಕ್ಷಣಕಾಲ ಅವರಿಗೆ ತಮ್ಮದೇ ಮುಖ ಯಾರದೆಂದು ಸಂಶಯ ಬಂತು.

“ಚಿಂತೆ ಬೇಡ ಸರ್,” ಎಂದು ಕೃಷ್ಣಮೋಹನ ಗೌಡರ ಫೋನಿನಿಂದಲೇ ಜಾಹೀರಾತು ಕಂಪೆನಿಗೆ ಒಂದು ದೂರು ಬರೆದು, ಸಾಕ್ಷಿಗೆ ಅದೇ ವಿಡಿಯೋ ಸೇರಿಸಿ ಕಳಿಸಿದ. “ಅವರೇ ತೆಗೀತಾರೆ. ಈಗ ನಿಮ್ಮ ಜೀವಿತ ಪ್ರಮಾಣಪತ್ರ ಮುಗಿಸುವ. ಗಂಟೆ ನಾಲ್ಕಾಯ್ತು.”

ಕೃಷ್ಣಮೋಹನ ಪಿಂಚಣಿಯ ಆ್ಯಪ್ ತೆರೆದು ಫೋನನ್ನು ಅಚ್ಚುತ ಗೌಡರ ಮುಖಕ್ಕೆ ಹಿಡಿದ. ಒಳಗಿನಿಂದ ಹೆಣ್ಣು ದನಿಯೊಂದು ಎಡಕ್ಕೆ ತಿರುಗಿ ಎಂದಿತು. ತಿರುಗಿದರು. ಕಣ್ಣು ಮಿಟುಕಿಸಿ ಎಂದಿತು. ಹೊಗೆ ತಾಗಿದವರಂತೆ ಎರಡೂ ಕಣ್ಣು ಕಿವುಚಿದರು.

“ಜೀವಂತ ಮುಖ ಪತ್ತೆಯಾಗಿಲ್ಲ,” ಎಂದಿತು ಹೆಣ್ಣು ದನಿ.

ಇನ್ನೊಮ್ಮೆ ಮಾಡಿದರು. ಜೀವಂತ ಮುಖ ಪತ್ತೆಯಾಗಿಲ್ಲ. ಮುಖ ತೊಳೆದು, ತಲೆ ಬಾಚಿ, ಟ್ಯೂಬ್‌ಲೈಟಿನ ಕೆಳಗೆ ನಿಂತು ಮಾಡಿದರು. ಪತ್ತೆಯಾಗಿಲ್ಲ. ಸರದಿಯಲ್ಲಿದ್ದವರು ಒಬ್ಬೊಬ್ಬರಾಗಿ ಅವರಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅಚ್ಚುತ ಗೌಡರು ಯಾರಿಗೂ ಕಾಣದಂತೆ ತಮ್ಮ ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡರು. ಹೊಡೆದುಕೊಳ್ಳುತ್ತಿತ್ತು. ಆದರೆ ಅದನ್ನು ಕೇಳುವವರು ಯಾರು?

“ಇನ್ನು ಒಂದೇ ಸಲ ಬಿಡ್ತದೆ ಸರ್,” ಎಂದ ಕೃಷ್ಣಮೋಹನ ಗಡಿಯಾರ ನೋಡುತ್ತಾ. “ಅದೂ ತಪ್ಪಿದ್ರೆ ನೀವು ತೀರಿಹೋದ ಲೆಕ್ಕ. ಮತ್ತೆ ಬದುಕಿಸ್ಲಿಕ್ಕೆ ಬೆಂಗಳೂರಿಗೇ ಹೋಗ್ಬೇಕು.”

ಅಚ್ಚುತ ಗೌಡರು ಕಣ್ಣು ಮಿಟುಕಿಸುವುದನ್ನು ಗಾಳಿಯಲ್ಲಿ ಎರಡು ಸಲ ಅಭ್ಯಾಸ ಮಾಡಿದರು. ಕೃಷ್ಣಮೋಹನ ಕೊನೆಯ ಸಲಕ್ಕೆ ಫೋನು ಎತ್ತಿ ಹಿಡಿದ. ಮೂಲೆಯ ಬೆಂಚಿನಲ್ಲಿ ತನ್ನ ಫೋನು ನೋಡುತ್ತಾ ಕೂತಿದ್ದ ಸೇವಂತಿಗೆ ತಡೆಯಲಾಗಲಿಲ್ಲ. “ಒಂಚೂರು ನಗಾಡಿ, ನೋಡಿ ಇವನ ಹಾಗೆ!” ಎನ್ನುತ್ತಾ ಎದ್ದು ಬಂದು, ಗಂಡನ ಭುಜದ ಪಕ್ಕದಲ್ಲೇ, ಕೃಷ್ಣಮೋಹನ ಹಿಡಿದ ಕ್ಯಾಮೆರಾಕ್ಕೂ ಕಾಣುವಂತೆ, ತನ್ನ ಫೋನನ್ನು ಎತ್ತಿ ತೋರಿಸಿದಳು.

“ಎಡಕ್ಕೆ ತಿರುಗಿ,” ಎಂದಿತು ಹೆಣ್ಣು ದನಿ.

ಸೇವಂತಿಯ ಫೋನಿನಲ್ಲಿ ಚನ್ನವೀರಪ್ಪ ಮಲ್ಲಿಗೆ ಮುಡಿದ ಹೆಂಡತಿಯ ಕಡೆಗೆ, ಎಡಕ್ಕೆ ತಿರುಗಿದ.

“ಕಣ್ಣು ಮಿಟುಕಿಸಿ.”

ಚನ್ನವೀರಪ್ಪ ನಿಧಾನವಾಗಿ ಕಣ್ಣು ಮಿಟುಕಿಸಿದ.

ಟಿಂಗ್ ಎಂದು ಹಸಿರು ದೀಪ ಬಂತು. “ಧನ್ಯವಾದಗಳು, ಅಚ್ಚುತ ಗೌಡ. ನೀವು ಜೀವಂತವಾಗಿದ್ದೀರಿ.”

ಸೇವಂತಿಯ ಫೋನಿನೊಳಗಿನವನು ಚಕ್ಕಡಿಯ ವಿಷಯ ಹೇಳುತ್ತಲೇ ಇದ್ದ.

“ಇದು... ಮೋಸ ಅಲ್ವಾ?” ಎಂದರು ಅಚ್ಚುತ ಗೌಡರು ಕೊನೆಗೆ.

“ಎಂತ ಮೋಸ? ನೀವು ಬದುಕಿದ್ದೀರಾ ಇಲ್ವಾ?” ಎಂದ ಕೃಷ್ಣಮೋಹನ.

“ಇದ್ದೇನೆ.”

“ಮತ್ತೆಂತ?” ಕೃಷ್ಣಮೋಹನ ಪ್ರಮಾಣಪತ್ರದ ಪ್ರಿಂಟ್ ತೆಗೆದು ಕೈಗಿತ್ತ. “ದಾಖಲೆಯಲ್ಲಿರುದು ಹತ್ತು ವರ್ಷ ಹಿಂದಿನ ಫೋಟೋ ಸರ್. ಆ ಆ್ಯಪ್ ನಿಮ್ಮನ್ನು ಅಷ್ಟೇ ಚಿಕ್ಕದು ಮಾಡಿದೆ. ಈಗ ನಿಮಗಿಂತ ಅವನೇ ಹೆಚ್ಚು ನಿಮ್ಮ ಹಾಗೆ ಇದ್ದಾನೆ.”

ಏನೇ ಇರಲಿ, ಇನ್ನೊಂದು ವರ್ಷ ಬದುಕಿಗೆ ಭಯವಿಲ್ಲ. ಅಚ್ಚುತ ಗೌಡರು ಹಗುರಾಗಿ ಹೊರಬಂದರು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಹೊರಡುವಾಗ ತಪ್ಪಿದ ಚಾ ತರಿಸಿದರು. ಒಂದು ಗುಟುಕು ಕುಡಿಯುವಷ್ಟರಲ್ಲಿ ಅವರ ಫೋನು ನಡುಗಿತು. ಜಾಹೀರಾತು ಕಂಪೆನಿಯ ಉತ್ತರ. ಕನ್ನಡಕ ಏರಿಸಿ ಓದಿದರು.

‘ನಿಮ್ಮ ದೂರನ್ನು ಪರಿಶೀಲಿಸಲಾಗಿದೆ. ಜಾಹೀರಾತಿನಲ್ಲಿರುವವರು ನಿಜವಾದ ವ್ಯಕ್ತಿ ಎಂದು ಖಚಿತವಾಗಿದೆ. ದೂರಿನ ಜೊತೆ ಕಳಿಸಿದ ವಿಡಿಯೋ ಯಂತ್ರದಿಂದ ತಯಾರಿಸಿದ ನಕಲಿಯಾಗಿರುವುದರಿಂದ ಅಳಿಸಲಾಗಿದೆ. ಇತರರ ಮುಖ ಬಳಸಿದ್ದಕ್ಕಾಗಿ ನಿಮ್ಮ ಫೋನಿನ ಎಲ್ಲ ಖಾತೆಗಳನ್ನು ತಡೆಹಿಡಿಯಲಾಗಿದೆ. ನೀವು ಮನುಷ್ಯರೇ ಆಗಿದ್ದಲ್ಲಿ ಒಂದು ನಿಮಿಷದೊಳಗೆ ಮುಖ ತೋರಿಸಿ.’

ಅದರಡಿಯಲ್ಲಿ ಒಂದು ಖಾಲಿ ವೃತ್ತ ತೆರೆದುಕೊಂಡಿತು. ಐವತ್ತೊಂಬತ್ತು, ಐವತ್ತೆಂಟು, ಐವತ್ತೇಳು ಎಂದು ಅಂಕೆಗಳು ಇಳಿಯತೊಡಗಿದವು. ವೃತ್ತದೊಳಗೆ ತಮ್ಮ ಬಿಳಿ ಮೀಸೆ ನೋಡಿ ಅಚ್ಚುತ ಗೌಡರಿಗೆ ಅದರ ಮೇಲೆ ಯಾವ ನಂಬಿಕೆಯೂ ಉಳಿಯಲಿಲ್ಲ. ಚಾದ ಲೋಟ ಕೆಳಗಿಟ್ಟು, ಪಕ್ಕದಲ್ಲಿ ಫೋನಿನ ಬೆಳಕು ಮುಖಕ್ಕೆ ಬೀಳುವಂತೆ ಕೂತಿದ್ದ ಹೆಂಡತಿಯ ಕಡೆಗೆ ಕೈ ಚಾಚಿದರು.

“ಸೇವಂತಿ, ಅವನನ್ನು ಒಮ್ಮೆ ಕೊಡು ಮಾರಾಯ್ತಿ. ಬೇಗ!”

ಸೇವಂತಿ ತಲೆ ಎತ್ತಲಿಲ್ಲ. ಗಂಡನ ಕೈಯನ್ನು ಮೆಲ್ಲಗೆ ಆಚೆ ಸರಿಸಿದಳು.

“ಸ್ವಲ್ಪ ನಿಲ್ಲಿ,” ಎಂದಳು. “ಅವರು ಮಾತಾಡ್ತಾ ಇದ್ದಾರೆ.”